ಬಾಳಂತಿ ಡಬ್ಬಿ: ಅಂಟಿನ ಉಂಡಿಯಿಂದ ಜೋಳದ ಬಿಸ್ಕೂಟದ ತನಕ

ನಮ್ಮ ಬಳಗದಾಗ ಒಬ್ಬಾಕಿ ಸೊಸಿಗಿ ಡಾಕ್ಟರು ಗೋದಿ ಪೂರಾ ಬಂದ್ ಮಾಡ್ಯಾರ. ಅಕಿ ಈಗ ಎರಡು ತಿಂಗಳ ಬಾಳಂತಿ. ಚಪಾತಿ ಇಲ್ಲ, ಟೋಸ್ ಇಲ್ಲ, ಬ್ರೆಡ್ ಇಲ್ಲ, ಸಜ್ಜಕ ಇಲ್ಲ. "ಗೋದಿ ಬಿಟ್ರ ಬಾಳಂತಿಗಿ ಏನ್ ಕೊಡಬೇಕ್ರಿ ಕಾಕು? ಗ್ಲುಟೆನ್ ಫ್ರೀ ಬಿಸ್ಕೂಟ ಅಂತ ಫೋನಿನಾಗ ನೋಡಿದೆ, ಅಂಗೈಯಷ್ಟು ಡಬ್ಬಿ, ಅದರ ರೇಟ್ ನೋಡಿ ಹೌಹಾರಿದೆ" ಅಂತ ಅಕಿ ಅತ್ತಿ ಕೇಳಿದ್ಳು. ನಾ ಅಂದೆ, ನಮ್ಮ ಆಯಿ ಕಾಲದಾಗ ಔರಾದ ಕಡಿ ಬಾಳಂತಿ ಡಬ್ಬಿದಾಗ ಗೋದಿ ಇದ್ದೇ ಇದ್ದಿಲ್ಲವಾ, ನೀ ಯಾಕ ಹೆದರ್ತಿ. ಅಕಿಗಿ ನಂಬಿಕಿ ಬರ್ಲಿಲ್ಲ. ಗೋದಿ ಇಲ್ಲದ ಊಟ ಅಂದ್ರ ಏನೋ ಪರದೇಶದ್ದು ಅಂತ ಈಗಿನವರಿಗಿ ಅನಸ್ತದ. ಅದಕ್ಕ ಈ ಡಬ್ಬಿ ಇತಿಹಾಸ ಜರಾ ಕೂತು ಬರದೀನಿ.

ನನ್ನ ತೌರು ಔರಾದ ತಾಲೂಕಿನ ಒಂದು ಹಳ್ಳಿ. ಕೊಟ್ಟಿದ್ದು ಭಾಲ್ಕಿಗಿ. ಮಕ್ಕಳ ಸಾಲಿ ಸಲುವಾಗಿ ಬೀದರಿಗಿ ಬಂದು ಇಪ್ಪತ್ತೈದು ವರ್ಷ ಆಯ್ತು. ಮೂರೂ ಕಡಿ ಬಾಳಂತನ ಮಾಡಿಸ್ಕೊಂಡೀನಿ, ಮಾಡೀನಿ, ನೋಡೀನಿ. ಮೂರೂ ಕಡಿ ಡಬ್ಬಿ ಬ್ಯಾರೆ ಬ್ಯಾರೆ, ಆದ್ರ ಒಳಗಿಂದು ಒಂದೇ: ಅಂಟಿನ ಉಂಡಿ. ಜಾಲಿ ಅಂಟು ಸಣ್ಣಗ ಒಡದು ತುಪ್ಪದಾಗ ಹಾಕಿದ್ರ ಅಳ್ಳು ಅರಳಿದಂಗ ಅರಳ್ತದ. ಅದಕ್ಕ ಹುರದ ಒಣ ಖೊಬ್ಬರಿ, ಖಾರೀಕ, ಕಸಕಸಿ, ಅಳ್ವಿ, ಸುಂಠಿ, ಮ್ಯಾಲ ಬೆಲ್ಲದ ಪಾಕ. ನಮ್ಮ ಓಣ್ಯಾಗ ಮರಾಠಿ ಮಂದಿ ಇದಕ್ಕ ಡಿಂಕಾಚೆ ಲಾಡು ಅಂತಿದ್ರು, ಮುಸಲ್ಮಾನರ ಮನ್ಯಾಗ ಗೋಂದ್ ಕೆ ಲಡ್ಡು. ಮೂರು ಹೆಸರು, ಒಂದೇ ವಾಸನಿ. ಯಾರ ಮನ್ಯಾಗ ಹೆರಿಗಿ ಆಗ್ಯಾದ ಅಂಬೋದು ಅಂಟು ಹುರಿಯೋ ವಾಸನಿ ಮ್ಯಾಲೇ ಓಣಿಗಿ ಗೊತ್ತಾಗ್ತಿತ್ತು.

ಈಗ ನೋಡ್ರಿ, ಇದರಾಗ ಹಿಟ್ಟೇ ಇಲ್ಲ. ಪಂಜಾಬ, ಉತ್ತರಪ್ರದೇಶದ ಕಡಿ ಬಾಳಂತಿಗಿ ಪಂಜೀರಿ ಅಂತ ಮಾಡ್ತಾರ, ಅದರಾಗ ಗೋದಿ ಹಿಟ್ಟೇ ಮುಖ್ಯ, ಅಂಟು ಖೊಬ್ಬರಿ ಮ್ಯಾಲಿಂದು. ಅಲ್ಲಿ ಹೊಲದಾಗ ಗೋದಿ ಬೆಳೀತದ, ಅದಕ್ಕ ಅದು ಬಂದದ. ನಮ್ಮಲ್ಲಿ ಬೆಳೀತಿದ್ದದ್ದು ಜೋಳ. ಉಂಡಿದಾಗ ಹಿಟ್ಟು ಹಾಕಬೇಕಾದ್ರ ಜೋಳದ ಹಿಟ್ಟೇ. ಆದ್ರ ಹಿಟ್ಟು ಹಾಕ್ತಿದ್ದದ್ದು ಬಡವರ ಮನ್ಯಾಗ. ಇದನ್ನ ಮುಚ್ಚಿಡಬಾರ್ದು. ಗೌಡರ ಮನಿ ಡಬ್ಬಿದಾಗ ಬದಾಮಿ, ಗೋಡಂಬಿ, ದೇವಣಿ ಆಕಳ ತುಪ್ಪ. ಕೂಲಿ ಮಾಡೋರ ಮನ್ಯಾಗ ಜೋಳದ ಹಿಟ್ಟು ಕೆಂಪಗ ಹುರದು, ಬೆಲ್ಲ, ಒಂದು ಹಿಡಿ ಎಳ್ಳು, ಎರಡು ಚಮಚ ಎಣ್ಣಿ ಹಾಕಿ ಕಟ್ಟಿದ ಉಂಡಿ, ಅದೂ ಎಂಟು ದಿನಕ್ಕ ಮುಗೀತಿತ್ತು. ಉಂಡಿ ಮುಗದ ಮ್ಯಾಲ ಬಾಳಂತನಾನೂ ಮುಗದಂಗ. ತೊಟ್ಲ ಆಗಿ ನಾಕು ದಿನಕ್ಕ ಕೂಸಿನ ಜೋಳಿಗಿ ಗಿಡಕ್ಕ ಕಟ್ಟಿ ಕಳಿ ತಗ್ಯಾಕ ಹೋಗಿದ್ದ ಹೆಂಗಸರನ್ನ ನಾನೇ ನೋಡೀನಿ.

ಡಬ್ಬಿ ಅಂದೆ. ಅದು ಹಿತ್ತಾಳಿ ಡಬ್ಬಿ, ಬಾಳಂತಿ ಕ್ವಾಣ್ಯಾಗ, ಅಕಿ ತಲಿದಿಂಬಿನ ಕಡಿ ಇರ್ತಿತ್ತು. ಅದಕ್ಕ ಬ್ಯಾರೆ ಯಾರೂ ಕೈ ಹಚ್ಚಬಾರ್ದು. ಹುಡುಗ್ರು ತಿಂದ್ರ ಹೊಟ್ಟಿ ನೋಯ್ತದ, ಗಂಡಸರು ತಿಂದ್ರ ಉಷ್ಣ ಆಗ್ತದ ಅಂತ ಹೆದರಸ್ತಿದ್ರು. ನಾ ಸಣ್ಣಾಕಿ ಇದ್ದಾಗ ಒಂದು ಕದ್ದು ತಿಂದು, ಹೊಟ್ಟಿ ಯಾವಾಗ ನೋಯ್ತದ ಅಂತ ರಾತ್ರಿ ತನಕ ಕಾಯ್ಕೋತ ಕೂತಿದ್ದೆ, ನೋಯಲೇ ಇಲ್ಲ. ದೊಡ್ಡಾಕಿ ಆದ ಮ್ಯಾಲ ಅದರ ಗುಟ್ಟು ತಿಳೀತು. ಇಡೀ ಮನ್ಯಾಗ ಎಲ್ಲಾರ್ದೂ ಉಂಡು ಉಳದದ್ದು ಉಣ್ಣಾಕಿ ಸೊಸಿ. ಅಕಿ ಹೆಸರಿಗಿ ಅಂತ ಒಂದು ಡಬ್ಬಿ ಇರೋದು ಜೀವನದಾಗ ಅದೊಂದೇ ಸಲ. ಆ ಹೆದರಿಕಿ ಮಾತು ಇದ್ದಿದ್ದಕ್ಕೇ ಆ ತುಪ್ಪ, ಆ ಬೆಲ್ಲ ಅಕಿ ಬಾಯಿಗಿ ಹೋಗ್ತಿತ್ತು. ಇಲ್ಲಂದ್ರ ಮೊದಲ ದಿನಾನೇ ಹಂಚಿ ಖಾಲಿ.

ಉಂಡಿ ತಿಂದ್ರ ಹಾಲು ಬರ್ತದ ಅಂತ ಎಲ್ಲಾರೂ ಅಂತಾರ. ನಾನೂ ಅಂತಿದ್ದೆ. ಆದ್ರ ಹಾಲು ಬರೋದು ಕೂಸು ಚೀಪಿದಷ್ಟು, ಹಾಲು ಖಾಲಿ ಆದಷ್ಟು; ಈ ಮಾತು ಈಗ ಅಂಗನವಾಡಿ ಬಾಯಿನೂ ಹೇಳ್ತಾಳ, ಡಾಕ್ಟರಬಾಯಿನೂ ಹೇಳ್ತಾಳ. ಹೈದರಾಬಾದಿನಾಗ ರಾಷ್ಟ್ರೀಯ ಪೋಷಣ ಸಂಸ್ಥೆ ಅಂತ ಅದ. ಅದು 1918ರಾಗ ಕುನೂರಿನಾಗ ಸಣ್ಣದಾಗಿ ಸುರು ಆಗಿ 1958ರಾಗ ಹೈದರಾಬಾದಿಗಿ ಬಂದದ್ದು. ಅಲ್ಲಿಯ ದೊಡ್ಡ ವಿಜ್ಞಾನಿ ಡಾ. ಸಿ. ಗೋಪಾಲನ್ 1950ರ ದಶಕದಾಗ ಬಡ ತಾಯಂದಿರ ಎದಿಹಾಲಿನ ಮ್ಯಾಲ ಅಧ್ಯಯನ ಮಾಡಿದ್ರು. ಅರಹೊಟ್ಟಿ ಉಂಬೋ ತಾಯಂದಿರೂ ತಿಂಗಳುಗಟ್ಲೆ ಕೂಸಿಗಿ ಹಾಲು ಕೊಡ್ತಾರ ಅಂಬೋದು ಅದರಾಗ ಕಂಡಿತ್ತು. ಹಂಗಾದ್ರ ಆ ಹಾಲು ಎಲ್ಲಿಂದ ಬಂತು? ತಾಯಿ ಮೈಯಿಂದ. ಹಾಲು ಲಗೂ ನಿಲ್ಲಂಗಿಲ್ಲ, ತಾಯಿ ಸವೀತಾಳ. ಬಾಳಂತನ ಮುಗದಾಗ ಗಲ್ಲ ಒಳಗ ಹೋಗಿ, ಕೂದಲ ಉದುರಿ, ಸೊಂಟ ಹಿಡಕೊಂಡು ಏಳೋ ಹೆಂಗಸರು ನಮ್ಮ ನಡಬರಕ ಎಷ್ಟಿಲ್ಲ? ಅದಕ್ಕ ನನ್ನ ಲೆಕ್ಕದಾಗ ಉಂಡಿ ಇರೋದು ಹಾಲಿಗಲ್ಲ, ತಾಯಿಗಿ. ಮೊದಲ ಆರು ತಿಂಗಳು ಹಾಲು ಕುಡಿಸೋ ತಾಯಿಗಿ ದಿನಾ 600 ಕ್ಯಾಲರಿ ಹೆಚ್ಚಿಂದು ಬೇಕು ಅಂತ ಅದೇ ಸಂಸ್ಥೆ ಹೇಳ್ತದ. ತುಪ್ಪ ಬೆಲ್ಲ ಖೊಬ್ಬರಿ ಹಾಕಿದ ಒಂದು ನಿಂಬಿಕಾಯಷ್ಟು ಉಂಡಿ ಸುಮಾರು 200 ಆಗ್ತದ. ನಮ್ಮ ಆಯಿ ದಿನಾ ಮೂರು ಕೊಡ್ತಿದ್ಳು. ಅಕಿಗಿ ಕ್ಯಾಲರಿ ಅಂದ್ರ ಏನಂತ ಗೊತ್ತಿದ್ದಿಲ್ಲ.

ಹಳೇದೆಲ್ಲಾ ಛಲೋ ಅಂತ ನಾ ಹೇಳೂದಿಲ್ಲ. ಮೊದಲ ದಿನದ ಹಳದಿ ಹಾಲು ಹಿಂಡಿ ಚೆಲ್ಲತಿದ್ರು, ಅದು ಕೂಸಿಗಿ ಬಂಗಾರ. ಬಾಳಂತಿಗಿ ನೀರ ಕೊಡ್ತಿದ್ದಿಲ್ಲ, ಕೊಟ್ರ ಹೊಟ್ಟಿ ದೊಡ್ಡದಾಗ್ತದ ಅಂತ. ಬ್ಯಾಸಗಿದಾಗ ಬೀದರ ಜಿಲ್ಲಾದಾಗ, ಕೆಳಗ ಶಗಡಿ ಕೆಂಡ ಇಟ್ಟು, ನೀರ ಕೊಡದೆ! ಬದನಿಕಾಯಿ ಬ್ಯಾಡ, ಬಾಳಿಹಣ್ಣು ಬ್ಯಾಡ, ಬ್ಯಾಳಿ ಬ್ಯಾಡ ಅನಕೋತ ಎಲ್ಲಾ ಬಂದ್ ಮಾಡಿ ಕಡೀಕ ಜೋಳದ ರೊಟ್ಟಿ, ಬಳ್ಳೊಳ್ಳಿ ಖಾರ, ಸಬ್ಬಸಿಗಿ ಪಲ್ಯ ಇಷ್ಟೇ ಉಳೀತಿತ್ತು. ಆ ಉಂಡಿ ಡಬ್ಬಿ ಇದ್ದಿದ್ದಿಲ್ಲ ಅಂದ್ರ ಎಷ್ಟೋ ಮಂದಿ ಏಳ್ತಿದ್ದಿಲ್ಲ.

ಇನ್ನ ಗೋದಿ ನಮ್ಮ ಮನಿಗಿ ಹೆಂಗ ಬಂತು ಅಂಬೋ ಮಾತು.

ಜೋಳ ಮೂಲದಾಗ ಆಫ್ರಿಕಾದ ಬೆಳಿ. ಸಾವಿರಾರು ವರ್ಷದ ಹಿಂದ ಇತ್ತ ಕಡಿ ಬಂದು ದಖ್ಖನ್ನಿನ ಎರಿಹೊಲಕ್ಕ ಎಷ್ಟು ಹೊಂದಿಕೊಂತಂದ್ರ ಇಲ್ಲೇ ಹುಟ್ಟಿದ್ದು ಅನಸ್ತದ. ಹಿಂಗಾರಿದಾಗ ಇಬ್ಬನಿ ಮ್ಯಾಲೇ ಬೆಳೀತದ, ನೀರು ಕೇಳಂಗಿಲ್ಲ. ಕಾಳು ಮನುಷ್ಯಾಗ, ಕಣಕಿ ದನಕ್ಕ. ಮಾಲದಂಡಿ ಅಂತ ನಮ್ಮವರು ಈಗಲೂ ಹುಡುಕಿ ತರೋ ಜೋಳ ಸೋಲಾಪುರ ಕಡಿ ಮೋಹೋಳದಾಗ ಆರಿಸಿ ಹೆಸರು ಮಾಡಿದ ತಳಿ. ಗೋದಿನೂ ಇತ್ತು, ಇಲ್ಲಂತಲ್ಲ, ಆದ್ರ ಒಂದು ಪಟ್ಟಿ ಎರಡು ಪಟ್ಟಿ, ಹೋಳಗಿಗಿ, ಹುಗ್ಗಿಗಿ, ಬೀಗರು ಬಂದಾಗ. ಬೀದರ ಶಹರದ ಮಾತು ಜರಾ ಬ್ಯಾರೆ. ಬಹಮನಿ ಸುಲ್ತಾನರು ರಾಜಧಾನಿ ಇಲ್ಲಿಗಿ ತಂದ ಮ್ಯಾಲ ಇರಾನ, ತುರಾನದ ಮಂದಿ ಬಂದ್ರು. ಮಹಮೂದ ಗವಾನ ಮದರಸಾ ಕಟ್ಟಿಸಿದ್ದು 1472ರಾಗ, ಅಂವಾನೂ ಇರಾನದಂವಾ. ಅವರ ಊಟಕ್ಕ ನಾನ್ ಬೇಕು, ನಾನಿಗಿ ತಂದೂರ ಬೇಕು, ತಂದೂರಿಗಿ ಗೋದಿ ಬೇಕು. ಆದ್ರ ಅದು ಕೋಟಿ ಒಳಗಿನ ಊಟ. ಕೋಟಿ ಹೊರಗ ಹಂಚಿನ ಮ್ಯಾಲ ಜೋಳದ ರೊಟ್ಟಿ ಬಡಿಯೋ ಸಪ್ಪಳ ನಿಂತೇ ಇದ್ದಿಲ್ಲ.

ನಿಜಾಮನ ಕಾಲದಾಗೂ ಹಿಂಗೇ. ಅವನ ಕಡೀ ದಿನದಾಗ ಸರಕಾರ ಲೇವಿ ಅಂತ ಕಣದಿಂದಲೇ ಕಾಳು ಒಯ್ತಿತ್ತು. ಆಮ್ಯಾಲ ರಜಾಕಾರರ ಗದ್ದಲ. ನಮ್ಮ ಆಯಿ ಆಗ ಹಸಿ ಬಾಳಂತಿ. ರಾತ್ರೋರಾತ್ರಿ ಗಾಡಿ ಕಟಗೊಂಡು ಊರು ಬಿಟ್ಟಾಗ ಕೂಸು ಒಂದು ಕೈಯಾಗ, ಉಂಡಿ ಡಬ್ಬಿ ಒಂದು ಕೈಯಾಗ ಹಿಡದಿದ್ಳಂತ. ಬಂಗಾರ ಹಗೇದಾಗ ಹುಗದು ಹೋಗಿದ್ರು, ಡಬ್ಬಿ ಬಿಡ್ಲಿಲ್ಲ. 1948ರ ಸಪ್ಟೆಂಬರದಾಗ ಫೌಜ್ ಬಂದು ನಿಜಾಮನ ರಾಜ್ಯ ಮುಗೀತು. 1956ರ ನವೆಂಬರ 1ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ. ಅಲ್ಲಿ ತನಕ ನಮ್ಮ ಜಿಲ್ಲಾದಾಗೇ ಇದ್ದ ಉದಗೀರ, ನಿಲಂಗಾ ಆ ಕಡಿ ಹೋದವು. ಅದೇ 1956ರ ಆಗಸ್ಟದಾಗ ಹಿಂದುಸ್ತಾನ ಅಮೇರಿಕಾದ ಜೋಡಿ ಪಿ.ಎಲ್. 480 ಅಂಬೋ ಕರಾರು ಮಾಡಿ ಗೋದಿ ತರಿಸಾಕ ಸುರು ಮಾಡಿತು. ರೇಶನ್ ಅಂಗಡಿದಾಗ ಗೋದಿ ಬಂತು. ಮುಂದ ಹಸಿರು ಕ್ರಾಂತಿ ಆಗಿ ಪಂಜಾಬದ ಗೋದಿ ಬಂತು. ಜೋಳ ಬೆಳಿಯೋ ಊರಿಗಿ ಸರಕಾರ ಗೋದಿ, ಅಕ್ಕಿ ಕೊಡ್ತು. ಸಸ್ತಾ ಸಿಕ್ಕದ್ದು ತಾಟಿನಾಗ ಬಂತು, ಮುಂದ ಅದೇ ದೊಡ್ಡಸ್ತನ ಆಯ್ತು. ಚಪಾತಿ ಉಂಬೋ ಮನಿ ಅಂದ್ರ ಶಾಣ್ಯಾರ ಮನಿ ಅಂತ ಹುಡುಗಿ ಕೊಡೂ ಮುಂದ ನೋಡೋ ಕಾಲ ಬಂತು.

1972ರ ಬರಗಾಲದ ಮಾತು ಬಿಟ್ರ ಈ ಇತಿಹಾಸ ಪೂರಾ ಆಗಂಗಿಲ್ಲ. ಮಹಾರಾಷ್ಟ್ರದಾಗ ದೊಡ್ಡದಾಗಿ ಬಿದ್ದ ಬರ ನಮ್ಮ ಗಡಿ ತಾಲೂಕಿಗೂ ಬಿತ್ತು. ನನಗಾಗ ಮೂರು ನಾಕು ವರ್ಷ, ನೆನಪಿಲ್ಲ; ಅವ್ವ ಹೇಳಿದ್ದು. ನನ್ನ ತಮ್ಮ ಆ ವರ್ಷ ಹುಟ್ಟಿದಾಂವ. ಹೊಲದಾಗ ಬಿಳಿ ಜೋಳ ಕಾಳ ಹಿಡೀಲಿಲ್ಲ. ರೇಶನ್ನಿನಾಗ ಪರದೇಶದ ಕೆಂಪ ಜೋಳ ಕೊಟ್ರು, ಮಿಲೋ ಅಂತಿದ್ರು. ಹಿಟ್ಟಿಗಿ ಜಿಗಿ ಇಲ್ಲ, ರೊಟ್ಟಿ ಬಡಿದ್ರ ಒಡೀತದ, ಬಾಯಾಗ ಒಗರು. ಬೆಲ್ಲ ಇಲ್ಲ, ತುಪ್ಪದ ಮಾತೇ ಬ್ಯಾಡ. ಸೂಲಗಿತ್ತಿ ಆಯಿ ತನ್ನ ಸೆರಗಿನಾಗ ಕಟಗೊಂಡು ಒಂದು ಹಿಡಿ ಅಳ್ವಿ ತಂದು, ಕೆಂಪ ಜೋಳದ ಗಂಜಿದಾಗ ಹಾಕಿ ಕುದಿಸಿ ಹದಿನೈದು ದಿನ ಕುಡಿಸಿದ್ಳಂತ. ಅದೇ ಅವ್ವನ ಉಂಡಿ, ಅದೇ ಡಬ್ಬಿ. ತಮ್ಮ ಬದುಕಿದ. ಅವ್ವನ ಹಲ್ಲು ಮುಂದ ಐದು ವರ್ಷದಾಗ ಒಂದೊಂದೇ ಹೋದವು. "ಆ ಕೂಸು ನನ್ನ ಹಲ್ಲ ಕುಡಿದಾನ" ಅಂತ ನಗ್ತಿದ್ಳು. ಗೋಪಾಲನ್ ಅವರ ಅಧ್ಯಯನದ ಮಾತು ಓದಿದಾಗ ನನಗ ಅವ್ವನ ಬಾಯಿ ಕಣ್ಣಿಗಿ ಕಟ್ಟಿತು.

ಭಟ್ಟಿದಾಗ ಬೇಯಿಸಿದ ತಿನಸು ಬಾಳಂತಿ ಕ್ವಾಣಿಗಿ ಬಂದದ್ದು ಹೈದರಾಬಾದ ಹಾದೀಲೆ. ಅಲ್ಲಿ ಉಸ್ಮಾನಿಯಾ ಬಿಸ್ಕೂಟ ಅಂತ ಹೆಸರಾದದ್ದು ಅದಲ್ಲ, ಉಸ್ಮಾನಿಯಾ ದವಾಖಾನಿ ರೋಗಿಗಳ ಸಲುವಾಗಿ ಮೊದಲು ಮಾಡಿದ್ದು ಅಂತ ಆ ಕಡಿ ಮಂದಿ ಹೇಳ್ತಾರ. ರೋಗಿ, ಬಾಳಂತಿ, ಮುದಕರು ಅಂದ್ರ ಹಗರ ತಿನಸು, ಹಗರ ತಿನಸು ಅಂದ್ರ ಬಿಸ್ಕೂಟ, ಟೋಸ್ ಅಂತ ಒಂದು ನಂಬಿಕಿ ಅಲ್ಲಿಂದ ನಮ್ಮ ಕಡಿನೂ ಹಬ್ಬಿತು. ನಾ ಸೊಸಿ ಆಗಿ ಬಂದಾಗ ಭಾಲ್ಕಿದಾಗ ಹಬ್ಬದ ಮುಂದ ಹೆಂಗಸರು ಸ್ಟೀಲ್ ಡಬ್ಬಿದಾಗ ಮೈದಾ, ಸಕ್ಕರಿ, ಡಾಲ್ಡಾ ತುಂಬಿ ಬೇಕರಿಗಿ ಒಯ್ದು ಬಿಸ್ಕೂಟ ಮಾಡಿಸ್ತಿದ್ರು. ಕೂಲಿ ಕೊಟ್ರ ಆಯ್ತು. ಸಾಲಾಗಿ ಕೂತು, ಯಾರ ಡಬ್ಬಿ ಯಾರದು ಅಂತ ಜಗಳ, ನಗು. ನನಗದು ಭಾಳ ಸೇರ್ತಿತ್ತು. ಮನ್ಯಾಗ ಹೆರಿಗಿ ಇದ್ರ ಒಂದು ಕಿಲೋ ಹೆಚ್ಚಿಗಿ ಮಾಡಿಸ್ತಿದ್ರು. ಆದ್ರ ಆ ಬಿಸ್ಕೂಟಕ್ಕ ಉಂಡಿಗಿದ್ದ ಕಟ್ಟು ಇಲ್ಲ. ಕೂಸು ನೋಡಾಕ ಬಂದವರಿಗೆಲ್ಲಾ ಚಹಾದ ಜೋಡಿ ಅದೇ. ಉಂಡಿ ಡಬ್ಬಿ ಬಾಳಂತಿದು, ಬಿಸ್ಕೂಟದ ಡಬ್ಬಿ ಊರಂದು. ನನ್ನ ಎರಡನೇ ಬಾಳಂತನದಾಗ ದವಾಖಾನಿದಾಗ ಮೂರು ದಿನ ನನಗ ಸಿಕ್ಕಿದ್ದು ಚಹಾ, ಟೋಸ್, ಬ್ರೆಡ್ಡು. ಮೈದಾ, ಸಕ್ಕರಿ. ಹೊಟ್ಟಿ ತುಂಬಿದಂಗ ಆಗ್ತದ, ತಾಸಿಗಿ ಕಣ್ಣು ಕತ್ತಲಿ.

ಗೋದಿ ಆಗಬರಂಗಿಲ್ಲ ಅಂಬೋ ರೋಗದ ಮಾತಿಗಿ ಬರ್ತೀನಿ. ಇದಕ್ಕ ಸೀಲಿಯಾಕ್ ಅಂತಾರ. ಇದನ್ನ ಗೋದಿಗಿ ಗಂಟು ಹಾಕಿ ತೋರಿಸಿದಾಂವ ಹಾಲೆಂಡಿನ ಮಕ್ಕಳ ಡಾಕ್ಟರ ವಿಲ್ಲೆಮ್ ಡಿಕ್ಕೆ. ಎರಡನೇ ಮಹಾಯುದ್ಧದಾಗ, 1944–45ರ ಚಳಿಗಾಲಕ್ಕ, ಅಲ್ಲಿ ಬ್ರೆಡ್ಡಿಗಿ ಬರ ಬಿತ್ತು. ಊರೆಲ್ಲಾ ಉಪವಾಸ, ಆದ್ರ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿಕೊಂಡವು. ಬ್ರೆಡ್ಡು ಬಂದ ಮ್ಯಾಲ ಮತ್ತ ಜಡ್ಡು ಬಿದ್ದವು. 1950ರಾಗ ಅಂವ ಅದನ್ನೇ ಪ್ರಬಂಧ ಬರದ. ಗೋದಿ, ಜವೆ, ರೈ ಈ ಕಾಳಿನಾಗಿನ ಗ್ಲುಟೆನ್ ಅಂಬೋ ಸತ್ವ ಆ ಮಂದಿ ಕರಳಿಗಿ ಆಗಬರಂಗಿಲ್ಲ. ಗ್ಲುಟೆನ್ ಅಂದ್ರ ಬ್ಯಾರೆ ಏನಲ್ಲ, ಗೋದಿ ಕಣಕಿನ ಜಿಗಿ. ಹೋಳಗಿ ಕಣಕ ಎಳೆದ್ರ ರಬ್ಬರ ಹಂಗ ಬರ್ತದಲ್ಲ, ಅದು. ಜೋಳ, ಸಜ್ಜಿ, ರಾಗಿ, ಅಕ್ಕಿದಾಗ ಅದಿಲ್ಲ. ಖಪ್ಲಿ ಗೋದಿ ನಡೀತದ ಅಂತ ಯಾರೋ ಹೇಳ್ತಾರ, ಕೇಳಬ್ಯಾಡ್ರಿ, ಅದೂ ಗೋದೀನೇ. ಈ ರೋಗ ಗೋದಿ ಉಂಬೋ ಉತ್ತರ ಹಿಂದುಸ್ತಾನದಾಗ ಜಾಸ್ತಿ ಕಂಡದ, ದಕ್ಷಿಣದಾಗ ಭಾಳ ಕಮ್ಮಿ. ಅದಕ್ಕ ಎಲ್ಲಾ ಬಾಳಂತ್ಯಾರು ಗೋದಿ ಬಿಡ್ರಿ ಅಂತ ನಾ ಹೇಳಂಗಿಲ್ಲ. ಅನುಮಾನ ಇದ್ದವರು ಮೊದಲು ರಕ್ತ ತಪಾಸ ಮಾಡಿಸ್ರಿ, ಆಮ್ಯಾಲ ಗೋದಿ ಬಿಡ್ರಿ. ಬಿಟ್ಟ ಮ್ಯಾಲ ತಪಾಸ ಮಾಡಿದ್ರ ರೋಗ ಸಿಗಂಗಿಲ್ಲ.

ನನಗ ಮನಸಿಗಿ ಹತ್ತೋದು ಬ್ಯಾರೆ ಮಾತು. ಡಾಕ್ಟರು ಜೋಳ ತಿನ್ರಿ ಅಂಬೋ ಹೊತ್ತಿಗಿ ನಮ್ಮ ಹೊಲದಾಗ ಜೋಳ ಇಲ್ಲ. ಭಾಲ್ಕಿ, ಔರಾದ ಹಾದ್ಯಾಗ ಮುಂಗಾರಿದಾಗ ಹೋದ್ರ ಎರಡೂ ಕಡಿ ಸೋಯಾಬೀನೇ ಸೋಯಾಬೀನ. ರೊಕ್ಕ ಬರ್ತದ, ಲಗೂ ಬರ್ತದ, ಹಕ್ಕಿ ಕಾಯೋ ಕೆಲಸಿಲ್ಲ. ರೈತಗ ನಾ ಬೈಯಂಗಿಲ್ಲ. ನಮ್ಮ ತಮ್ಮಾನೂ ಅದೇ ಹಾಕ್ತಾನ. ಆದ್ರ ಸೋಯಾ ಮಾರಿ ಬೀದರದ ಗಾಂಧಿ ಗಂಜಿನಾಗ ಜೋಳ ಕೊಂಡು ತರ್ತಾನ. ನಮ್ಮ ಅವ್ವ ಇದ್ದಿದ್ರ ನಂಬ್ತಿದ್ದಿಲ್ಲ. 2018 ನಮ್ಮ ದೇಶದಾಗ ಸಿರಿಧಾನ್ಯದ ವರ್ಷ ಆಯ್ತು, 2023 ಇಡೀ ಜಗತ್ತಿನಾಗ ಆಯ್ತು. ಬಡವರ ಕಾಳು ಈಗ ದೊಡ್ಡ ಅಂಗಡಿದಾಗ ರಟ್ಟಿನ ಡಬ್ಬಿದಾಗ ಕೂತದ. 2017ರ ಅಕ್ಟೋಬರ 2ರಿಂದ ಮಾತೃಪೂರ್ಣ ಅಂತ ಅಂಗನವಾಡಿದಾಗ ಬಸುರಿ, ಬಾಳಂತ್ಯಾರಿಗಿ ಬಿಸಿ ಊಟ ಕೊಡ್ತಾರಲ್ಲ, ಅನ್ನ ಸಾರು, ಹಾಲು, ತತ್ತಿ, ಚಿಕ್ಕಿ ಛಲೋನೇ ಅದ. ಅಲ್ಲೇ ಕೂತು ಉಣಬೇಕು ಅಂಬೋ ನಿಯಮ ನನಗ ಸೇರ್ತದ, ಯಾಕಂದ್ರ ಮನಿಗಿ ಒಯ್ದ್ರ ಅದು ಮತ್ತ ಊರಂದು ಆಗ್ತದ. ಆದ್ರ ಹಸಿ ಬಾಳಂತಿ ಎದ್ದು ಹೋಗೋದು ಹೆಂಗ, ಮತ್ತ ನಮ್ಮ ಕಡಿ ಊಟದಾಗ ಒಂದು ಜೋಳದ ರೊಟ್ಟಿ ಯಾಕಿಲ್ಲ ಅಂಬೋ ಪ್ರಶ್ನಿ ನನಗ ಉಳದದ.

ಜೋಳದ ಬಿಸ್ಕೂಟ ಹೊಸದಲ್ಲ. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಮೊದಲು ಬರೇ ಜೋಳದ್ದೇ ಸಂಸ್ಥೆ ಇತ್ತು, ಅವರು ಜೋಳದ ಬಿಸ್ಕೂಟ, ಶ್ಯಾವಿಗಿ, ರವಾ ಎಲ್ಲಾ ಮಾಡಿ ತೋರಿಸ್ಯಾರ. ನಾ ಮಾಡೋದು ಮನಿ ಲೆಕ್ಕದ್ದು. ಜೋಳಕ್ಕ ಜಿಗಿ ಇಲ್ಲ, ಅದಕ್ಕೇ ರೊಟ್ಟಿಗಿ ಎಸರು ಹಾಕ್ತೀವಿ. ಬಿಸ್ಕೂಟಕ್ಕ ಎಸರಿನ ಬದಲಿ ಅಳ್ವಿ. ಒಂದು ದೊಡ್ಡ ಚಮಚ ಅಳ್ವಿ ನಾಕು ಚಮಚ ಬಿಸಿ ಹಾಲಿನಾಗ ಅರ್ಧ ತಾಸು ನೆನಸಿದ್ರ ಲೋಳಿ ಹಂಗ ಆಗ್ತದ, ಅದೇ ಹಿಟ್ಟು ಹಿಡೀತದ. ಹೊಸದಾಗಿ ಬೀಸಿದ ಜೋಳದ ಹಿಟ್ಟು ಎರಡು ವಾಟಿ, ಸಣ್ಣ ಉರಿಮ್ಯಾಲ ಹಸಿವಾಸನಿ ಹೋಗೋ ತನಕ ಹುರೀರಿ. ಮುಕ್ಕಾಲು ವಾಟಿ ತುಪ್ಪ, ಮುಕ್ಕಾಲು ವಾಟಿ ಬೆಲ್ಲದ ಪುಡಿ ಕೂಡಿಸಿ ತಿಕ್ಕಿ, ಅದರಾಗ ಅರ್ಧ ವಾಟಿ ಹುರದ ಖೊಬ್ಬರಿ, ಎರಡು ಚಮಚ ಎಳ್ಳು, ತುಪ್ಪದಾಗ ಅರಳಿಸಿ ಕುಟ್ಟಿದ ಅಂಟು ಎರಡು ಚಮಚ, ಅರ್ಧ ಚಮಚ ಸುಂಠಿ, ಚಿಟಿಕಿ ಉಪ್ಪು, ಆರಿದ ಹಿಟ್ಟು, ಅಳ್ವಿ ಲೋಳಿ. ನಾದಬ್ಯಾಡ್ರಿ, ಒತ್ತಿ ಕೂಡಿಸ್ರಿ. ದಪ್ಪಗ ತಟ್ಟಿ 170 ಡಿಗ್ರಿದಾಗ ಇಪ್ಪತ್ತು ನಿಮಿಷ. ಓವನ್ ಇಲ್ಲದವರು ಹಳೇ ಕುಕ್ಕರಿನಾಗ ಉಪ್ಪು ಹಾಸಿ, ರಿಂಗ್ ಸೀಟಿ ತಗದು, ಹತ್ತು ನಿಮಿಷ ಕಾಯಿಸಿ, ತಾಟು ಇಟ್ಟು ಸಣ್ಣ ಉರಿಮ್ಯಾಲ ಇಪ್ಪತ್ತೈದು ನಿಮಿಷ ಬಿಡ್ರಿ. ಬಿಸಿ ಇದ್ದಾಗ ಮುಟ್ಟಿದ್ರ ಒಡೀತಾವ, ಆರಿದ ಮ್ಯಾಲ ಗಟ್ಟಿ ಆಗ್ತಾವ. ಉಂಡಿ ರುಚಿ ಇದಕ್ಕ ಬರಂಗಿಲ್ಲ ಅಂಬೋದು ನನ್ನ ಅಭಿಪ್ರಾಯ, ಆದ್ರ ಈಗಿನ ಹುಡುಗ್ಯಾರು ಉಂಡಿ ನೋಡಿ ತುಪ್ಪ ಅಂತ ಮಕ ತಿರುವತಾರ, ಇದನ್ನ ರಾತ್ರಿ ಹಾಲು ಕುಡಿಸ್ಕೋತ ಒಂದು ಕೈಯಲೆ ತಿಂತಾರ.

ಸೀಲಿಯಾಕ್ ಇದ್ದವರ ಮನ್ಯಾಗ ಇನ್ನೆರಡು ಮಾತು ನೆನಪಿಡ್ರಿ. ಗಿರಣ್ಯಾಗ ಗೋದಿ ಬೀಸಿದ ಹಿಂದೇ ಜೋಳ ಬೀಸಿದ್ರ ಆ ಹಿಟ್ಟಿನಾಗ ಗೋದಿ ಬಂದೇ ಬರ್ತದ, ಅವರಿಗಿ ಅಷ್ಟೇ ಸಾಕು ಹೊಟ್ಟಿ ಕೆಡಾಕ. ಮನ್ಯಾಗ ಬೀಸೋ ಮಶೀನ್ ಇಲ್ಲಾ ಬೀಸುಕಲ್ಲು ಇದ್ರ ಛಲೋ. ಇಲ್ಲಂದ್ರ ಜೋಳಕ್ಕೇ ಅಂತ ಬ್ಯಾರೆ ಗಿರಣಿ ಇಟ್ಟವರ ಕಡಿ ಹೋಗ್ರಿ. ಇನ್ನೊಂದು ಇಂಗು. ಅಂಗಡಿ ಇಂಗಿನಾಗ ಭಾಳಷ್ಟು ಗೋದಿ ಹಿಟ್ಟು ಇಲ್ಲಾ ಮೈದಾ ಬೆರಸಿರ್ತಾರ, ಡಬ್ಬಿ ಮ್ಯಾಲ ಓದಿ ತಗೋರಿ. ಬಾಳಂತಿ ಸಾರಿಗಿ ಬಳ್ಳೊಳ್ಳಿ ಒಗ್ಗರಣಿನೇ ಸಾಕು. ಮತ್ತ ಬಿಸ್ಕೂಟ ಮಾಡಿದ್ರ ಎರಡು ಡಬ್ಬಿದಾಗ ಹಾಕ್ರಿ, ಚಹಾಕ್ಕ ಬರೋ ಮಂದಿಗಿ ಒಂದು, ಅಕಿ ತಲಿದಿಂಬಿನ ಕಡಿ ಒಂದು.